ರೊಕ್ಕ ಕೈಯಾಗ ಐತಿ, ಮನಿ ಹೆಂಗ ನೋಡೋದ್ರಿ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿವೃತ್ತಿಯ ಹಣ 55 ಲಕ್ಷ ಇದೆ. ಸಾಲ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ 20 ವರ್ಷದ ಹಳೆಯ ಮನೆಯೊಂದಕ್ಕೆ 58 ಲಕ್ಷ ಹೇಳುತ್ತಿದ್ದಾರೆ. ಎಂಟು ತಿಂಗಳಿಂದ ಮಾರಾಟಕ್ಕಿದೆಯಂತೆ. ಎಷ್ಟಕ್ಕೆ ಕೇಳಬಹುದು?

ಉತ್ತರ: ಅವರು ಹೇಳಿದ ದರದಿಂದ ಕೆಳಗಿಳಿಯುತ್ತ ಹೋಗಬೇಡಿ, ಜಾಗದ ಬೆಲೆಯಿಂದ ಮೇಲಕ್ಕೆ ಬನ್ನಿ. ಜಾಗ ಮತ್ತು ಕಟ್ಟಡ ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಉದಾಹರಣೆಗೆ, 30×40 ಅಡಿಯ ಪ್ಲಾಟು ಅಂದರೆ 1,200 ಚದರಡಿ. ಆ ಓಣಿಯಲ್ಲಿ ಇತ್ತೀಚೆಗೆ ನೋಂದಣಿಯಾದ ದರ ಚದರಡಿಗೆ 3,000 ಇದ್ದರೆ ಜಾಗಕ್ಕೆ 36 ಲಕ್ಷ. ಕಟ್ಟಡ 1,000 ಚದರಡಿ, ಇವತ್ತು ಕಟ್ಟಲು ಚದರಡಿಗೆ 2,000 ಬೀಳುವುದಾದರೆ 20 ಲಕ್ಷ. ಕಟ್ಟಡಕ್ಕೆ 60 ವರ್ಷ ಆಯುಸ್ಸು ಹಿಡಿದು, ವರ್ಷಕ್ಕೆ ಶೇ 1.5ರಂತೆ ಸವಕಳಿ ಕಳೆಯುವುದು ಮೌಲ್ಯಮಾಪಕರ ರೂಢಿ. 20 ವರ್ಷಕ್ಕೆ ಶೇ 30 ಹೋಗಿ 14 ಲಕ್ಷ ಉಳಿಯಿತು. ಅಲ್ಲಿಗೆ ಒಟ್ಟು 50 ಲಕ್ಷ. ದರಗಳನ್ನು ನಿಮ್ಮ ಓಣಿಯವೇ ಹಾಕಿಕೊಳ್ಳಿ. ಅಕ್ಕಪಕ್ಕದ ಖರೀದಿ ಪತ್ರಗಳ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ದಲಾಲರ ಬಾಯಿಮಾತಿಗಿಂತ ಅದು ಗಟ್ಟಿ.

ಹಾಗೆಂದು 50 ಲಕ್ಷಕ್ಕೆ ಒಪ್ಪಿಬಿಡಬೇಡಿ, ಮೇಲಿನ ಖರ್ಚಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 50 ಲಕ್ಷಕ್ಕೆ 3.80 ಲಕ್ಷ. ನಿಮ್ಮಲ್ಲಿ ಉಳಿಯುವುದು 1.20 ಲಕ್ಷ. ಹಳೆಯ ಮನೆಗೆ ವೈರಿಂಗ್, ಪೈಪು, ತಾರಸಿ ಸೋರಿಕೆ ಎಂದು ಹೊರಟರೆ ಅದು ಎಲ್ಲಿಗೂ ಸಾಲದು. 48 ಲಕ್ಷ ನಿಮ್ಮ ಕೊನೆಯ ಮಾತಾಗಿರಲಿ.

ಚೌಕಾಶಿಗೆ ಕೂರುವ ಮೊದಲು ಸರ್ಕಾರದ ಮಾರ್ಗಸೂಚಿ ದರ (ನೋಂದಣಿಗೆಂದು ಸರ್ಕಾರ ಆಯಾ ಜಾಗಕ್ಕೆ ಗೊತ್ತುಮಾಡಿದ ಕನಿಷ್ಠ ದರ) ತಿಳಿದಿರಬೇಕು. ಮಾರುಕಟ್ಟೆ ಬಿದ್ದಾಗ ಖರೀದಿ ದರ ಮಾರ್ಗಸೂಚಿ ದರಕ್ಕಿಂತ ಕೆಳಗಿಳಿಯುವುದುಂಟು. ಆಗ ಮುದ್ರಾಂಕ ಶುಲ್ಕ ಮಾರ್ಗಸೂಚಿ ದರದ ಮೇಲೆಯೇ ಬೀಳುತ್ತದೆ. ಜೊತೆಗೆ ಮಾರ್ಗಸೂಚಿ ಮೌಲ್ಯ ನೀವು ಕೊಟ್ಟ ಬೆಲೆಯ ಶೇ 110ನ್ನು ದಾಟಿ, ವ್ಯತ್ಯಾಸ 50,000 ರೂಪಾಯಿಗಿಂತ ಹೆಚ್ಚಾದರೆ, ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ಹಿಡಿದು ತೆರಿಗೆ ಹಾಕುತ್ತಾರೆ. ಮಾರ್ಗಸೂಚಿ ಮೌಲ್ಯ 56 ಲಕ್ಷ ಇದೆ ಅನ್ನಿ. 51 ಲಕ್ಷಕ್ಕೆ ಕೊಂಡರೆ ಮಿತಿ 56.10 ಲಕ್ಷ, ತೊಂದರೆಯಿಲ್ಲ. ಇನ್ನೊಂದು ಲಕ್ಷ ಇಳಿಸಿ 50ಕ್ಕೆ ಮುಗಿಸಿದರೆ ಮಿತಿ 55 ಲಕ್ಷ. ಪೂರ್ತಿ 6 ಲಕ್ಷ ನಿಮ್ಮ ಆದಾಯಕ್ಕೆ ಸೇರುತ್ತದೆ. ಒಂದು ಲಕ್ಷ ಉಳಿಸಲು ಹೋಗಿ ಅದಕ್ಕಿಂತ ಹೆಚ್ಚು ತೆರಿಗೆ ಕಟ್ಟಿದ ಹಾಗಾದೀತು. ಮೇಲೆ ಹೇಳಿದ 48 ಲಕ್ಷಕ್ಕೂ ಇದೇ ಪರೀಕ್ಷೆ: ಮಾರ್ಗಸೂಚಿ ಮೌಲ್ಯ 52.80 ಲಕ್ಷ ದಾಟಿರಬಾರದು.

ಮಾರುವವರಿಗೆ ಯಾಕೆ ಮಾರಬೇಕಾಗಿದೆ ಎಂದು ತಿಳಿದುಕೊಳ್ಳಿ. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋಗಿ ಮನೆ ಖಾಲಿ ಬಿದ್ದಿದ್ದರೆ, ಇಲ್ಲವೇ ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳಬೇಕಿದ್ದರೆ, ಅವರಿಗೆ ದರಕ್ಕಿಂತ ತಾರೀಖು ಮುಖ್ಯ. "ಕಾಗದ ಸರಿಯಿದ್ದರೆ ಮೂವತ್ತು ದಿನದಲ್ಲಿ ಪೂರ್ತಿ ಹಣ" ಎಂಬ ಮಾತೇ ನಿಮ್ಮ ಬಲ. ಪಾಸ್‌ಬುಕ್ ಮಾತ್ರ ದಲಾಲರಿಗೆ ತೋರಿಸಬೇಡಿ. ಎಷ್ಟು ಹಣವಿದೆ ಎಂದು ಗೊತ್ತಾದ ಮೇಲೆ ದರ ಅಲ್ಲಿಗೇ ಬಂದು ನಿಲ್ಲುತ್ತದೆ.

ಪ್ರಶ್ನೆ: ಧಾರವಾಡದ ಮನೆ ಮಾಲೀಕರು "ಅರ್ಧ ಚೆಕ್ ಕೊಡ್ರಿ, ಅರ್ಧ ನಗದು ಕೊಡ್ರಿ, ದರ ಇಳಸ್ತೀನಿ" ಅಂತಾರೆ. ಮಾಡಬಹುದೇ?

ಉತ್ತರ: ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುತ್ತದೆ. ನಿಮ್ಮ ನಷ್ಟ ಬೇರೆ ರೀತಿಯದು: ವ್ಯವಹಾರ ಮುರಿದರೆ ಆ ಅರ್ಧ ಹಣಕ್ಕೆ ಪುರಾವೆಯಿಲ್ಲ, ಮುಂದೆ ನೀವು ಮಾರುವಾಗ ಖರೀದಿ ಬೆಲೆ ಕಡಿಮೆ ಕಂಡು ಲಾಭದ ತೆರಿಗೆ ಏರುತ್ತದೆ. ಸಂಚಕಾರದಿಂದ (ಮುಂಗಡದಿಂದ) ಹಿಡಿದು ಕೊನೆಯ ಕಂತಿನವರೆಗೆ ಎಲ್ಲವೂ ಆರ್‌ಟಿಜಿಎಸ್ ಅಥವಾ ಡಿಡಿ ಮೂಲಕವೇ ಹೋಗಲಿ, ಪ್ರತಿ ಪಾವತಿಯ ಸಂಖ್ಯೆ ಖರೀದಿ ಪತ್ರದಲ್ಲಿ ಬರಲಿ. ಬೆಲೆ ಇಲ್ಲವೇ ಮಾರ್ಗಸೂಚಿ ಮೌಲ್ಯ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾಲೀಕರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ನಿಮ್ಮದು. ಮಾಲೀಕರು ವಿದೇಶದಲ್ಲಿ ನೆಲೆಸಿದವರಾದರೆ ಈ ಶೇ 1 ಅನ್ವಯಿಸುವುದಿಲ್ಲ, ಹೆಚ್ಚು ಹಿಡಿಯಬೇಕಾಗುತ್ತದೆ. ಆಗ ಲೆಕ್ಕ ಪರಿಶೋಧಕರನ್ನು ಕೇಳದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಣ ಸೌಹಾರ್ದ ಸಹಕಾರಿ ಸಂಘದಲ್ಲಿ ಠೇವಣಿ ಇದ್ದರೆ ಮನೆ ಹುಡುಕುವ ಮೊದಲೇ ಬ್ಯಾಂಕಿಗೆ ತನ್ನಿ. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಸಂಘದ ಠೇವಣಿಗೆ ಇಲ್ಲ. ನೋಂದಣಿಯ ಹಿಂದಿನ ದಿನ ಸಂಘದವರು "ಮುಂದಿನ ವಾರ ಬರ್ರಿ" ಎಂದರೆ ನಿಮ್ಮ ಮಾತು ಬೀಳುತ್ತದೆ.

ಪ್ರಶ್ನೆ: ಗದಗದಲ್ಲಿ ಮನೆ ನೋಡಿದ್ದೇವೆ. ಉತಾರ ಮಾಲೀಕರ ಹೆಸರಿನಲ್ಲಿದೆ, ಬೋಜಾ (ಆಸ್ತಿಯ ಮೇಲಿನ ಸಾಲದ ಭಾರ) ಇಲ್ಲ. ಇಷ್ಟು ಸಾಕಲ್ಲವೇ?

ಉತ್ತರ: ಸಾಲದು. ಸಾಲ ತೆಗೆದು ಕೊಳ್ಳುವವರಿಗೆ ಬ್ಯಾಂಕಿನ ವಕೀಲರು ಮತ್ತು ಎಂಜಿನಿಯರ್ ಒಮ್ಮೆ ಜರಡಿ ಹಿಡಿಯುತ್ತಾರೆ. ಕೈಯಲ್ಲಿ ಹಣವಿದ್ದವರಿಗೆ ಆ ಜರಡಿಯೇ ಇಲ್ಲ. ಆದ್ದರಿಂದ ಬ್ಯಾಂಕುಗಳಿಗೆ ಅಭಿಪ್ರಾಯ ಬರೆದುಕೊಡುವ ವಕೀಲರೊಬ್ಬರಿಗೆ ನೀವೇ ಶುಲ್ಕ ಕೊಟ್ಟು ಲಿಖಿತ ಅಭಿಪ್ರಾಯ ಪಡೆಯಿರಿ. ಮಾಲೀಕರು ಸೂಚಿಸಿದ ವಕೀಲರು ಬೇಡ.

ಉತಾರ ಕಂದಾಯದ ದಾಖಲೆ, ಅದರಿಂದ ಹಕ್ಕು ಹುಟ್ಟುವುದಿಲ್ಲ. ಮೂಲ ಖರೀದಿ ಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪದ 30 ವರ್ಷದ ಪತ್ರಗಳು ಬೇಕು. ಋಣಭಾರ ಪತ್ರ (ಇಸಿ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಿ. ಸಿಟಿ ಸರ್ವೆ ಆದ ಭಾಗವಾದರೆ ಪಿಆರ್ ಕಾರ್ಡ್ (ಸರ್ವೆ ಇಲಾಖೆ ಕೊಡುವ ಆಸ್ತಿ ದಾಖಲೆ) ಬೇಕು, ಅದರ ಸಿಟಿಎಸ್ (ಸಿಟಿ ಸರ್ವೆ) ನಂಬರು ಮತ್ತು ಅಳತೆ ಖರೀದಿ ಪತ್ರಕ್ಕೆ ಹೊಂದಬೇಕು. ಹೊಂದದಿದ್ದರೆ ಅಳತೆ ಮಾಡಿಸಿ, ತಿದ್ದುಪಡಿಯಾಗುವವರೆಗೆ ಕಾಯಿರಿ. ನಗರಸಭೆಯ ಇ-ಖಾತಾ ಇಲ್ಲದೆ ನೋಂದಣಿಯೇ ಮುಂದುವರಿಯದು. ಊರಂಚಿನ ಪಂಚಾಯಿತಿ ಜಾಗವಾದರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ, 11ಬಿ ಕೊಟ್ಟರೆ ಅನುಮೋದನೆಯ ಕಥೆ ಏನೆಂದು ವಿಚಾರಿಸಿ.

ನೋಂದಣಿಯಾಗದ ಸಂಚಕಾರ ಪತ್ರವಾಗಲಿ, ನ್ಯಾಯಾಲಯದ ದಾವೆಯಾಗಲಿ, ಮನೆಯವರ ಪಾಲಿನ ಜಗಳವಾಗಲಿ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ನಮ್ಮ ಕಡೆ ವ್ಯವಹಾರ ಹೆಚ್ಚಾಗಿ ಕೆಡುವುದು ಅಕ್ಕತಂಗಿಯರ ಸಹಿ ಬಿಟ್ಟುಹೋಗಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕಿದೆ. "ಮದುವಿ ಮಾಡಿ ಕೊಟ್ಟೀವಿ, ಅವರೇನೂ ಕೇಳೂದಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ವಂಶಾವಳಿ ತರಿಸಿ, ಎಲ್ಲರನ್ನೂ ಖರೀದಿ ಪತ್ರಕ್ಕೆ ಸೇರಿಸಿ. ಚಿಕ್ಕ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿ ಬೇಕಾಗಬಹುದು, ವಕೀಲರನ್ನು ಅದನ್ನೇ ನೇರವಾಗಿ ಕೇಳಿ. ಕೊನೆಗೆ ವಕೀಲರ ಹೆಸರಿನಲ್ಲಿ ಸ್ಥಳೀಯ ಪತ್ರಿಕೆಯಲ್ಲಿ ಜಾಹೀರು ನೋಟಿಸ್ ಕೊಟ್ಟು 15 ದಿನ ತಕರಾರಿಗೆ ಕಾಯಿರಿ. ಕೊಳ್ಳುವವರೇ ಕಡಿಮೆ ಇರುವಾಗ ಹದಿನೈದು ದಿನ ಕಾದರೆ ಮನೆ ಎಲ್ಲಿಗೂ ಹೋಗುವುದಿಲ್ಲ.

ಸಂಚಕಾರ ಸಣ್ಣದಿರಲಿ. "ವಕೀಲರ ಅಭಿಪ್ರಾಯ ಸರಿ ಬಾರದಿದ್ದರೆ ಪೂರ್ತಿ ವಾಪಸ್" ಎಂಬ ಸಾಲು ಪತ್ರದಲ್ಲಿ ಇರಲೇಬೇಕು.

ಪ್ರಶ್ನೆ: ಹುಬ್ಬಳ್ಳಿಯ ಎರಿ (ಕಪ್ಪು) ಮಣ್ಣಿನ ಮೇಲಿನ ಮನೆ. ಗೋಡೆಯಲ್ಲಿ ಬಿರುಕಿದೆ. "ಗಿಲಾವಿನ ಬಿರುಕು, ಏನೂ ಆಗಲ್ಲ" ಎನ್ನುತ್ತಾರೆ.

ಉತ್ತರ: ಬಿರುಕು ಎಲ್ಲಿದೆ, ಯಾವ ದಿಕ್ಕಿಗಿದೆ ನೋಡಿ. ಕೂದಲೆಳೆಯಂತೆ ಬಲೆಬಲೆಯಾಗಿದ್ದರೆ ಗಿಲಾವಿನದೇ ಇರಬಹುದು. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಒಳಗೂ ಹೊರಗೂ ಒಂದೇ ಕಡೆ ಕಂಡರೆ ಬುನಾದಿ ಅಲುಗಿದೆ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಮನೆಯ ಒಂದು ಬದಿ ಮಾತ್ರ ಒದ್ದೆಯಾದರೆ, ಅಂದರೆ ಸೋರುವ ಸಂಪು, ಒಡೆದ ಗಟಾರು, ಗೋಡೆಗಂಟಿದ ಬಚ್ಚಲ ನೀರು ಇದ್ದರೆ, ಆ ಬದಿ ಎದ್ದು ಇನ್ನೊಂದು ಬದಿ ಕೂರುತ್ತದೆ.

ಮನೆಯನ್ನು ಎರಡು ಸಲ ನೋಡಿ, ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಿರಿ. ಗೆರೆ ದಾಟಿ ಬೆಳೆದಿದ್ದರೆ, ಇಲ್ಲವೇ ಅಗಲ 5 ಮಿಲಿಮೀಟರ್ ಮೀರಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ದರದ ಮಾತೇ ಬೇಡ. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಕಪಾಟಿನ ಹಿಂದೆ, ಮೆಟ್ಟಿಲ ಕೆಳಗೆ, ಕಂಪೌಂಡ್ ಗೋಡೆಯಲ್ಲಿ ಹುಡುಕಿ, ಅಲ್ಲಿಗೆ ಬಣ್ಣದವರ ಕೈ ಹೋಗಿರುವುದಿಲ್ಲ.

ಪ್ರಶ್ನೆ: ಮನೆಯ ಮೇಲೆ ಮಾಲೀಕರ ಬ್ಯಾಂಕ್ ಸಾಲ ಬಾಕಿ ಇದೆ. ಬಿಟ್ಟುಬಿಡಬೇಕೇ?

ಉತ್ತರ: ಬಿಡಬೇಕಿಲ್ಲ. ಮೂಲ ಪತ್ರಗಳು ಎಲ್ಲಿವೆ ಎಂದಾದರೂ ಇಲ್ಲಿ ಗೊತ್ತಿರುತ್ತದೆ. ಬ್ಯಾಂಕಿನಿಂದ ಇಂತಿಷ್ಟು ದಿನಾಂಕಕ್ಕೆ ಇಂತಿಷ್ಟು ಬಾಕಿ ಎಂಬ ಪತ್ರ, ಅಲ್ಲಿರುವ ದಾಖಲೆಗಳ ಪಟ್ಟಿ ಎರಡನ್ನೂ ಮಾಲೀಕರಿಂದ ತರಿಸಿ. ವಕೀಲರು ಒಪ್ಪಿ, ಕರಾರು ನೋಂದಣಿಯಾದ ಮೇಲೆ ಬಾಕಿ ಮೊತ್ತವನ್ನು ಮಾಲೀಕರ ಕೈಗೆ ಕೊಡದೆ ನೇರ ಆ ಸಾಲದ ಖಾತೆಗೆ ತುಂಬಿ. ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ಮರಳಿಸಬೇಕು, ತನ್ನ ತಪ್ಪಿನಿಂದ ತಡವಾದರೆ ಸಾಲಗಾರರಿಗೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪತ್ರ ಬಿಡಿಸಿಕೊಳ್ಳುವ ದಿನ ಮಾಲೀಕರ ಜೊತೆ ನೀವೂ ಹೋಗಿ, ಪಟ್ಟಿಗೆ ತಾಳೆ ನೋಡಿ. ಅಡಮಾನ ನೋಂದಣಿಯಾಗಿದ್ದರೆ ಅದು ರದ್ದಾಗಿ ಹೊಸ ಋಣಭಾರ ಪತ್ರದಲ್ಲಿ ಕಂಡ ಮೇಲೆಯೇ ಉಳಿದ ಹಣದ ಡಿಡಿ ಮಾಡಿಸಿ.