ಹಳೆಯ ಲೇಖಕರ ಜಾಡು ಹಿಡಿಯುವುದು ಹೇಗೆ?

ಪ್ರಶ್ನೆ: ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. 1930ರ ದಶಕದಲ್ಲಿ ಬರೆದ, ಈಗ ಯಾರೂ ಅಷ್ಟಾಗಿ ಓದದ ಧಾರವಾಡದ ಕಾದಂಬರಿಕಾರರೊಬ್ಬರ ಬಗ್ಗೆ ಪ್ರಬಂಧ ಬರೆಯಬೇಕು. ಇಂಟರ್ನೆಟ್‌ನಲ್ಲಿ ಎಲ್ಲಿ ನೋಡಿದರೂ ಅದೇ ನಾಲ್ಕು ಸಾಲು. ಹುಟ್ಟಿದ ವರ್ಷ ಮಾತ್ರ ಒಂದೊಂದು ಕಡೆ ಒಂದೊಂದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರ ಪುಸ್ತಕದಿಂದಲೇ ಶುರು ಮಾಡಿ, ಅದೂ ಮೊದಲ ಮುದ್ರಣದಿಂದ. ಮರುಮುದ್ರಣದಲ್ಲಿ ಹಳೆಯ ಮುನ್ನುಡಿ, ಅರಿಕೆ (ಲೇಖಕರ ಮಾತು), ಹಿಂದಿನ ಜಾಹೀರಾತು ಪುಟಗಳು ಬಿಟ್ಟುಹೋಗುವುದುಂಟು. ನಿಮಗೆ ಬೇಕಾದದ್ದು ಅಲ್ಲೇ ಇರುತ್ತದೆ.

ಮೊದಲು ಅರಿಕೆಯ ಕೊನೆ ನೋಡಿ. ಅಲ್ಲಿ ಊರು, ತಾರೀಕು ಇರುತ್ತದೆ. ಎಷ್ಟೋ ಸಲ ಇಸವಿ ಬದಲು ಸಂವತ್ಸರ ಇರುತ್ತದೆ. ‘ಯುವ ಸಂವತ್ಸರ, ವಿಜಯದಶಮಿ’ ಅಂತಿದ್ದರೆ ಅದು 1935. ಅದೇ ‘ಯುವ ಸಂವತ್ಸರ, ಮಾಘ ಮಾಸ’ ಅಂದರೆ 1936 ಆಗಿಬಿಡುತ್ತದೆ. ಯಾಕೆಂದರೆ ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಜನವರಿಗಲ್ಲ. ಹುಟ್ಟಿದ ವರ್ಷ ಒಂದು ವರ್ಷ ಆಚೀಚೆ ಆಗುವುದಕ್ಕೆ ಇದೂ ಒಂದು ಕಾರಣ. ನಿಮಗೆ ಸಿಕ್ಕ ಎರಡು ಇಸವಿಗಳ ನಡುವೆ ಒಂದೇ ವರ್ಷದ ಅಂತರ ಇದ್ದರೆ, ಹುಟ್ಟಿದ ತಿಂಗಳು ಯಾವುದು ಅಂತ ಮೊದಲು ಹುಡುಕಿ.

ಆಮೇಲೆ ಅರಿಕೆಯಲ್ಲಿ ಯಾರಿಗೆಲ್ಲ ಥ್ಯಾಂಕ್ಸ್ ಹೇಳಿದ್ದಾರೆ ನೋಡಿ. ನನಗೆ ತುಂಬಾ ಇಷ್ಟವಾದ ಜಾಗ ಅದು. ಹಸ್ತಪ್ರತಿ ಓದಿದವರು, ಕರಡು ತಿದ್ದಿದವರು, ದುಡ್ಡು ಕೊಟ್ಟವರು ಎಲ್ಲರ ಹೆಸರೂ ಅಲ್ಲಿರುತ್ತದೆ. ನಿಮ್ಮ ಲೇಖಕರು ಆತ್ಮಕಥೆ ಬರೆಯದೇ ಇರಬಹುದು. ಅವರ ಗೆಳೆಯರು ಬರೆದಿರಬಹುದಲ್ವಾ? ಆ ಗೆಳೆಯರ ಪತ್ರ ಸಂಗ್ರಹ, ಅವರಿಗೆ ಅರ್ಪಿಸಿದ ಅಭಿನಂದನ ಗ್ರಂಥ ಎಲ್ಲವನ್ನೂ ತೆಗೆದು ನೋಡಿ. ಅಭಿನಂದನ ಗ್ರಂಥದಲ್ಲಿ ಹೊಗಳಿಕೆ ಜಾಸ್ತಿ, ಅದು ಇದ್ದದ್ದೇ. ಆದರೆ ಕೊನೆಯಲ್ಲಿ ಕೊಡುವ ಜೀವನದ ಘಟನೆಗಳ ಪಟ್ಟಿ, ಕೃತಿಗಳ ಪಟ್ಟಿ ತುಂಬಾ ಉಪಯೋಗಕ್ಕೆ ಬರುತ್ತದೆ. ಇನ್ನು ಮೊದಲ ಮುದ್ರಣದ ಹಿಂದಿನ ಜಾಹೀರಾತು ಪುಟಗಳಲ್ಲಿ ‘ಅಚ್ಚಿನಲ್ಲಿ’ ಎಂದು ಹಾಕಿದ ಪುಸ್ತಕ ಬಂದೇ ಬಂದಿದೆ ಎಂದು ತಿಳಿಯಬೇಡಿ. ಪುಸ್ತಕದ ಒಂದು ಪ್ರತಿ ಕಣ್ಣಿಗೆ ಬೀಳುವವರೆಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಳ್ಳಿ.

ಇನ್ನು ಪತ್ರಿಕೆಗಳು. ಧಾರವಾಡದವರು ಅಂದ ಮೇಲೆ ‘ಜಯಕರ್ನಾಟಕ’ದ ಹಳೆಯ ಸಂಪುಟ ನೋಡಲೇಬೇಕು. ‘ಪ್ರಬುದ್ಧ ಕರ್ಣಾಟಕ’, ‘ಪರಿಷತ್ಪತ್ರಿಕೆ’ಗಳನ್ನೂ ಬಿಡಬೇಡಿ. ವಿಮರ್ಶೆ ಸಿಗದಿದ್ದರೆ ಪುಸ್ತಕ ಸ್ವೀಕಾರದ ಪಟ್ಟಿ, ಅಂದರೆ ಪತ್ರಿಕೆಗೆ ಬಂದು ತಲುಪಿದ ಪುಸ್ತಕಗಳ ಪಟ್ಟಿ ನೋಡಿ. ಪುಸ್ತಕ ಯಾವ ತಿಂಗಳ ಹೊತ್ತಿಗೆ ಹೊರಗೆ ಬಂದಿತ್ತು ಎಂಬುದಕ್ಕೆ ಆ ಒಂದು ಸಾಲೇ ಸಾಕ್ಷಿ.

ಇನ್ನೊಂದು ಆಕರವನ್ನು ನಮ್ಮ ವಿದ್ಯಾರ್ಥಿಗಳು ಮುಟ್ಟುವುದೇ ಇಲ್ಲ, ನನಗೆ ಬೇಸರ ಇರುವುದು ಇಲ್ಲೇ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಹೊರಬರುತ್ತಿತ್ತು. ಲೇಖಕರು, ಮುದ್ರಕರು, ಪುಟ, ಬೆಲೆ, ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಹಕ್ಕು ಯಾರದ್ದು ಎಂಬುದನ್ನೆಲ್ಲ ದಾಖಲಿಸಬೇಕಿತ್ತು. ಆದರೆ ಕರ್ನಾಟಕ ಒಂದಾದದ್ದು 1956ರಲ್ಲಿ. ಅದಕ್ಕೆ ಮುಂಚೆ ಧಾರವಾಡ ಮುಂಬಯಿಗೆ ಸೇರಿತ್ತು, ಮಂಗಳೂರು ಮದ್ರಾಸಿಗೆ. ಹಾಗಾಗಿ ನಿಮ್ಮ ಲೇಖಕರನ್ನು ಮುಂಬಯಿ ಪಟ್ಟಿಯಲ್ಲಿ ಹುಡುಕಿ.

ಮನೆಯಲ್ಲೇ ಕೂತು ಮಾಡುವ ಕೆಲಸವೂ ಇದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ರಾಶಿ ಇವೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಹೇಗೋ ಬರೆದಿರುತ್ತಾರೆ. ನಾಲ್ಕಾರು ರೀತಿ ಟೈಪ್ ಮಾಡಿ ನೋಡಿ. ಅಲ್ಲಿ ಕೊಟ್ಟ ಇಸವಿಯನ್ನು ಸುಮ್ನೆ ನಂಬಬೇಡಿ, ಪುಸ್ತಕ ತೆರೆದು ಶೀರ್ಷಿಕೆ ಪುಟ ನೋಡಿ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳನ್ನು ಇಡುವ ಜಾಲತಾಣ ಶೋಧಗಂಗಾದಲ್ಲಿ ಪಿಎಚ್‌ಡಿ ಪ್ರಬಂಧ ಸಿಕ್ಕರೆ ಮೊದಲು ಕೊನೆಯ ಆಕರಗಳ ಪಟ್ಟಿ ಓದಿ.

ನಾಲ್ಕು ಕಡೆ ಒಂದೇ ಮಾತು, ಒಂದೇ ಅಕ್ಷರದೋಷದ ಸಮೇತ ಇದ್ದರೆ ಅದು ನಾಲ್ಕು ಆಧಾರ ಅಲ್ಲ, ಒಂದೇ. ಆ ಮಾತನ್ನು ಮೊದಲು ಬರೆದವರು ಯಾರು, ಅವರಿಗೆ ಅದು ಗೊತ್ತಾದದ್ದು ಹೇಗೆ ಎಂದು ಹಿಂದೆ ಹಿಂದೆ ಹೋಗಿ.

ಪ್ರಶ್ನೆ: ಹಳಗನ್ನಡ ಕವಿಗಳ ಕಾಲಕ್ಕೆ ‘ಕರ್ಣಾಟಕ ಕವಿಚರಿತೆ’ಯನ್ನು ಈಗಲೂ ನಂಬಬಹುದಾ?

ಉತ್ತರ: ಶುರುವಿಗೆ ಅದೇ ಬೇಕು. ಕನ್ನಡ ಕವಿಗಳ ಕಾಲ, ಕೃತಿಗಳ ವಿವರ ಕೊಡುವ ಆರ್. ನರಸಿಂಹಾಚಾರ್ಯರ ಆ ಮೂರು ಸಂಪುಟಗಳು 1907, 1919, 1929ರಲ್ಲಿ ಬಂದವು. ಆಮೇಲೆ ಎಷ್ಟೋ ಶಾಸನ, ಓಲೆಗರಿ ಸಿಕ್ಕಿವೆ. ಹಾಗಾಗಿ ಅವರು ಹೇಳಿದ ಕಾಲವನ್ನಷ್ಟೇ ಬರೆದುಕೊಳ್ಳಬೇಡಿ, ಅದಕ್ಕೆ ಅವರು ಕೊಟ್ಟ ಕಾರಣವನ್ನೂ ಬರೆದುಕೊಳ್ಳಿ. ನಂತರ ಆ ಕಾವ್ಯದ ಇತ್ತೀಚಿನ ಸಂಪಾದಿತ ಆವೃತ್ತಿ ಹಿಡಿದು, ಸಂಪಾದಕರ ಪ್ರಸ್ತಾವನೆಯಲ್ಲಿ ಆ ಕಾರಣ ಇನ್ನೂ ನಿಂತಿದೆಯಾ ನೋಡಿ.