ರಸ್ತೆಗೆ ಚಾಚಿದ ಕೊಂಬೆಗಳನ್ನು ನಾವೇ ಕಡಿಸಬಹುದೇ?

ಪಕ್ಕದ ನಿವೇಶನದ ಹಲಸಿನ ಕೊಂಬೆಗಳೂ ಬೇಲಿಯ ದಾಸವಾಳವೂ ರಸ್ತೆಗೆ ಚಾಚಿರುವುದರಿಂದ ಶಾಲೆಯ ಮಕ್ಕಳು ವಾಹನಗಳ ನಡುವೆಯೇ ನಡೆಯಬೇಕಾಗಿದೆ, ಮಾಲೀಕರು ಊರಿನಲ್ಲಿಲ್ಲ, ಮಳೆಗಾಲಕ್ಕೆ ಮುಂಚೆ ನಾವೇ ಕಡಿಸಬಹುದೇ ಎಂದು ಶಿವಮೊಗ್ಗದಿಂದ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಅಂಗಳದ ಮೇಲೆ ಬಾಗಿದ ಕೊಂಬೆಯ ಮಾತು ಬೇರೆ. ರಸ್ತೆಯ ಮೇಲಿನ ಅಡಚಣೆಯನ್ನು ತೆಗೆಸುವ ಅಧಿಕಾರವಿರುವುದು ಮಹಾನಗರ ಪಾಲಿಕೆಗೆ.

ಬೇಲಿಯ ವಿಷಯ ಸರಳವಾದುದು. ರಸ್ತೆಗೆ ಅಡ್ಡವಾಗಿ ಬೆಳೆದುದನ್ನು ಸವರುವಂತೆ ಪಾಲಿಕೆಯ ಆಯುಕ್ತರು ಮಾಲೀಕರಿಗೆ ನೋಟಿಸ್ ಕೊಡಬಹುದು. ಫೋಟೊಗಳೊಂದಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ದಾಖಲೆ ಉಳಿಯುವುದಿಲ್ಲ. ಹಳ್ಳಿಯಾಗಿದ್ದರೆ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಬರೆಯಬೇಕು.

ಮರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರವನ್ನು ಕಡಿಯುವುದಕ್ಕೂ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಕಡಿಯುವುದು ಎಂದರೆ ಬುಡಸಮೇತ ಉರುಳಿಸುವುದಷ್ಟೇ ಅಲ್ಲ, ಸುಡುವುದೂ ಬೇರೆ ರೀತಿಯಲ್ಲಿ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. ಬುಡದಲ್ಲಿ ಕಸ ಸುಟ್ಟು ಮರವನ್ನು ಒಣಗಿಸುವ ನಮ್ಮ ಕಡೆಯ ಜಾಣರು ಇದನ್ನು ಗಮನಿಸಬೇಕು. ಆದರೆ ನಿಮಗೆ ಅನುಕೂಲವಾದ ಮಾತೂ ಅದೇ ಕಾನೂನಿನಲ್ಲಿದೆ. ಮರವು ಸತ್ತಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಅಥವಾ ಸಂಚಾರಕ್ಕೆ ಅಡ್ಡಿಯಾಗಿದ್ದರೆ ಅಧಿಕಾರಿ ಅನುಮತಿಯನ್ನು ನಿರಾಕರಿಸುವಂತಿಲ್ಲ. ಆದ್ದರಿಂದ ಅರ್ಜಿಯಲ್ಲಿ ಎಲೆ ಉದುರುವ ಕಿರಿಕಿರಿಯನ್ನು ಬರೆಯದೆ, ಸಂಚಾರಕ್ಕೆ ಎಲ್ಲಿ, ಎಷ್ಟು ಅಡಿ ಎತ್ತರದಲ್ಲಿ ಅಡ್ಡಿಯಾಗಿದೆ ಎಂಬುದನ್ನೇ ಬರೆಯಿರಿ. ಹಲಸಿನ ಹರೆಗಳನ್ನಷ್ಟೇ ಸವರಿದರೆ ಸಾಕಾಗುತ್ತದೆ ಎನಿಸಿದರೆ ಅದನ್ನೂ ಕಾಣಿಸಿ. ಇಡೀ ಮರವನ್ನು ಕೇಳುವುದು ನನಗೆ ಸರಿಯೆನಿಸುವುದಿಲ್ಲ.

ಕೊಂಬೆ ತಂತಿಗೆ ತಾಗುತ್ತಿದ್ದರೆ ಅದು ಮೆಸ್ಕಾಂ ಕೆಲಸ. 1912ಕ್ಕೆ ಕರೆ ಮಾಡಿ, ಯಾರನ್ನೂ ಮರ ಹತ್ತಿಸಬೇಡಿ. ಮರವೇ ಬೀಳುವಂತಿದ್ದು ಯಾರೂ ಕಿವಿಗೊಡದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಉಪವಿಭಾಗ ದಂಡಾಧಿಕಾರಿಗಳಾದ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಅದನ್ನು ತೆಗೆಸುವಂತೆ ಮಾಲೀಕರಿಗೆ ಷರತ್ತುಬದ್ಧ ಆದೇಶ ಮಾಡುವ ಅಧಿಕಾರ ಅವರಿಗಿದೆ.

ಇದನ್ನೆಲ್ಲ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಮುಂಗಾರು ಹಿಡಿದ ಮೇಲೆ ಮಲೆನಾಡಿನಲ್ಲಿ ಎಲ್ಲ ಇಲಾಖೆಗಳ ಸಿಬ್ಬಂದಿಯೂ ಬಿದ್ದ ಮರಗಳನ್ನು ತೆರವು ಮಾಡುವುದರಲ್ಲೇ ಮುಳುಗಿರುತ್ತಾರೆ.