ಚಿಪ್ಪಿನ ಗೆರೆ ನೋಡಿ ಹಳೆಯ ಕಡಲಿನ ಕಥೆ ಹೇಳಬಹುದೇ?

ಪ್ರಶ್ನೆ: ತೇಗದ ದಿಮ್ಮಿಯ ಉಂಗುರ ಎಣಿಸಿ ವಯಸ್ಸು ಹೇಳುವುದನ್ನು ನಮ್ಮೂರ ಸಾಮಿಲ್ಲಿನಲ್ಲಿ ನೋಡಿದ್ದೇನೆ. ಕಪ್ಪೆಚಿಪ್ಪಿನ ಗೆರೆಗಳಿಂದ ನೂರಾರು ವರ್ಷ ಹಿಂದಿನ ಕಡಲು ಹೇಗಿತ್ತು ಅಂತಲೂ ತಿಳಿಯುತ್ತದಂತೆ. ನಂಬಬಹುದಾ? ಕುಮಟಾ ಕಡೆಯಿಂದ ಬರುವ ಬಳಚು ಎಂಬ ಕಪ್ಪೆಚಿಪ್ಪಿನಲ್ಲೂ ಗೆರೆಗಳಿವೆಯಲ್ಲ, ಅದರಿಂದ ಆಗುತ್ತಾ?
– ಓದುಗರು, ಸಾಗರ

ಉತ್ತರ: ನಂಬಬಹುದು. ಆದರೆ ಒಂದೇ ಚಿಪ್ಪಿನ ಎಣಿಕೆ ಸಾಲದು.

ಉತ್ತರ ಅಟ್ಲಾಂಟಿಕ್‌ನ ತಣ್ಣನೆ ನೀರಲ್ಲಿ ಆರ್ಕ್ಟಿಕಾ ಐಲ್ಯಾಂಡಿಕಾ ಎಂಬ ಚಿಪ್ಪುಜೀವಿ ಇದೆ. ವರ್ಷಕ್ಕೊಮ್ಮೆ ಅದರ ಬೆಳವಣಿಗೆ ನಿಂತು ಚಿಪ್ಪಿನಲ್ಲಿ ಒಂದು ಗೆರೆ ಮೂಡುತ್ತದೆ. ಚಿಪ್ಪನ್ನು ಅಡ್ಡಕ್ಕೆ ಕೊಯ್ದು, ನುಣ್ಣಗೆ ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ಎಣಿಸುತ್ತಾರೆ. ವಯಸ್ಸಾದಂತೆ ಗೆರೆಗಳು ಒತ್ತೊತ್ತಾಗುತ್ತವೆ, ಅಲ್ಲೇ ಎಡವಟ್ಟಾಗುವುದು. 2006ರಲ್ಲಿ ಐಸ್‌ಲ್ಯಾಂಡ್ ಬಳಿ ಸಿಕ್ಕ 'ಮಿಂಗ್' ಹೆಸರಿನ ಚಿಪ್ಪಿಗೆ ಮೊದಲು ಸುಮಾರು 405 ವರ್ಷ ಎಂದರು. 2013ರಲ್ಲಿ ಸರಿಯಾಗಿ ಎಣಿಸಿದಾಗ 507! ಅಂದರೆ ಅದು ಹುಟ್ಟಿದ್ದು 1499ರಲ್ಲಿ, ವಿಜಯನಗರದ ಕಾಲದಲ್ಲಿ.

ಹಾಗಾಗಿ ಚಿಪ್ಪುಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಒಂದೇ ಜಾಗದ ಚಿಪ್ಪುಗಳೆಲ್ಲ ಒಳ್ಳೆಯ ವರ್ಷದಲ್ಲಿ ಜಾಸ್ತಿ, ಕೆಟ್ಟ ವರ್ಷದಲ್ಲಿ ಕಡಿಮೆ ಬೆಳೆದಿರುತ್ತವೆ. ಜೀವಂತ ಹಿಡಿದ ಚಿಪ್ಪಿನ ಕೊನೆಯ ಗೆರೆಯ ವರ್ಷ ಖಚಿತ. ಅಲ್ಲಿಂದ ಹಿಂದಕ್ಕೆ ಹೋಗಿ, ಕಡಲತಳದ ಸತ್ತ ಚಿಪ್ಪುಗಳ ಗೆರೆಗಳನ್ನು ಅದಕ್ಕೆ ಹೊಂದಿಸುತ್ತಾರೆ. ಹೀಗೆ ಐಸ್‌ಲ್ಯಾಂಡಿನ ಉತ್ತರದ ಕಡಲಿಗೆ 1,300 ವರ್ಷಕ್ಕೂ ಮೀರಿದ, ಒಂದು ವರ್ಷವೂ ಬಿಟ್ಟುಹೋಗದ ದಾಖಲೆ ಸಿದ್ಧವಾಗಿದೆ. ನನಗೆ ಈ ವಿಜ್ಞಾನದಲ್ಲಿ ಅತಿ ಮೆಚ್ಚುಗೆಯಾಗುವುದು ಈ ತಾಳ್ಮೆಯ ಕೆಲಸವೇ.

ವರ್ಷ ಗೊತ್ತಾದ ಮೇಲೆ ನೀರಿನ ಪ್ರಶ್ನೆ. ಎರಡೆರಡು ಗೆರೆಗಳ ನಡುವಿನ ಭಾಗದಿಂದ ಚಿಟಿಕೆ ಪುಡಿ ಕೊರೆದು ತೆಗೆಯುತ್ತಾರೆ. ನೀರು ತಣ್ಣಗಿದ್ದಾಗ ಚಿಪ್ಪಿನಲ್ಲಿ ಭಾರದ ಆಮ್ಲಜನಕ, ಅಂದರೆ ಆಕ್ಸಿಜನ್-18, ಸ್ವಲ್ಪ ಜಾಸ್ತಿ ಸೇರುತ್ತದೆ. ಆ ಅಳತೆಯಿಂದ ಅಂದಿನ ನೀರಿನ ಬಿಸಿ ಲೆಕ್ಕ ಹಾಕಬಹುದು. ಆದರೆ ಸಿಹಿನೀರು ಬೆರೆತರೂ ಈ ಅಳತೆ ಬದಲಾಗುತ್ತದೆ. ಅದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ನಮ್ಮ ಬಳಚಿನ ಕಷ್ಟವೂ ಅದೇ. ಕುಮಟಾ ಬಳಿ ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಮಳೆಗಾಲದಲ್ಲಿ ಘಟ್ಟದ ನೀರೆಲ್ಲ ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳಗೆ ಬರುತ್ತದೆ. ಬಳಚು ಬದುಕುವುದೂ ಕೆಲವೇ ವರ್ಷ. ಶತಮಾನಗಳ ಕಡಲು ಅದರಲ್ಲಿ ಸಿಗುವುದಿಲ್ಲ. ಆದರೆ ಆ ವರ್ಷ ಮಳೆನೀರು ಯಾವಾಗ ಬಂತು, ಯಾವಾಗ ಇಳಿಯಿತು ಎಂಬ ಗುರುತು ಸಿಗಬಹುದು. ಘಟ್ಟದ ಮೇಲೆ ಸುರಿದ ಮಳೆಯ ಲೆಕ್ಕದೊಂದಿಗೆ ಅದನ್ನು ಹೋಲಿಸಿ ನೋಡುವುದು ಖಂಡಿತ ಮಾಡಬೇಕಾದ ಕೆಲಸ.